ಮನೆಯಲ್ಲೇ ಕೆನೆ ಕಾಕ್‌ಟೇಲ್: ಕೊಡಗಿನ ಅಡುಗೆಮನೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಊಟ ಆದ ಮೇಲೆ ಪಾಯಸದ ಬದಲು ಒಂದು ಪುಟ್ಟ ಗ್ಲಾಸ್. ಅದರಲ್ಲಿ ಕೆನೆ, ಸಿಹಿ, ಸ್ವಲ್ಪ ರಮ್ ಅಥವಾ ಬ್ರಾಂಡಿ. ಇದನ್ನು ಮನೆಯಲ್ಲಿ ಮಾಡಲು ಹೊರಟವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಯಾಕೆ ಒಡೆಯಿತು? ದುಬಾರಿ ಬಾಟಲಿ ಬೇಕೇ ಬೇಕಾ? ಶೇಕರ್ ಇಲ್ಲದೆ ಆಗಲ್ವಾ? ಕೊಡಗಿನ ಮನೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಕಾಫಿ, ಏಲಕ್ಕಿ, ಜೇನು, ಬೆಣ್ಣೆಹಣ್ಣು ಇಲ್ಲಿ ಅಂಗಡಿಗಿಂತ ಬೇಗ ತೋಟದಲ್ಲೇ ಸಿಗುತ್ತವೆ. ಅವಿದ್ದರೆ ಮುಕ್ಕಾಲು ಕೆಲಸ ಆಯಿತು. ಬೇರೆ ಹೇಳದಿದ್ದರೆ ಅಳತೆಯೆಲ್ಲ ಒಂದು ಗ್ಲಾಸಿಗೆ. 21 ತುಂಬದವರಿಗೆ ಇದು ಬೇಡ. ಅವರಿಗೆ ಬೇರೆ ಉತ್ತರ ಕೆಳಗಿದೆ.

ಡೆಸರ್ಟ್ ಕಾಕ್‌ಟೇಲ್ ಅಂದ್ರೆ ನಿಜವಾಗಿ ಏನು?

ಮದ್ಯ, ಸಿಹಿ, ಕೆನೆ. ಇಷ್ಟೇ. ಕುಡಿಯುವುದು ಊಟದ ನಂತರ, ಊಟಕ್ಕೆ ಮೊದಲಲ್ಲ. ಮೊದಲೇ ಕುಡಿದರೆ ಪಂದಿಕರಿಗೆ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ.

ಈ ಗುಂಪಿನ ಹೆಸರಾಂತ ಪಾನೀಯಗಳು ನಾಲ್ಕೈದು. ಲಿಕ್ಯೂರ್ ಅಂದರೆ ಸಿಹಿ, ಘಮ ಸೇರಿಸಿದ ಮದ್ಯ. ಬ್ರಾಂಡಿ, ಚಾಕೊಲೇಟ್ ಲಿಕ್ಯೂರ್, ಕೆನೆ ಸೇರಿದರೆ ಬ್ರಾಂಡಿ ಅಲೆಕ್ಸಾಂಡರ್. ವೋಡ್ಕಾ, ಕಾಫಿ ಲಿಕ್ಯೂರ್, ಕೆನೆ ಸೇರಿದರೆ ವೈಟ್ ರಷ್ಯನ್. ಇದರ ಅಣ್ಣ ಬ್ಲ್ಯಾಕ್ ರಷ್ಯನ್. ಅದರಲ್ಲಿ ಕೆನೆ ಇಲ್ಲ. 1949ರಲ್ಲಿ ಬ್ರಸೆಲ್ಸ್‌ನ ಮೆಟ್ರೋಪೋಲ್ ಹೋಟೆಲಿನಲ್ಲಿ ಗುಸ್ತಾವ್ ಟಾಪ್ಸ್ ಎಂಬ ಬಾರ್ಟೆಂಡರ್ ಅದನ್ನು ಮಾಡಿದ. ಹೆಸರಲ್ಲಿ ರಷ್ಯಾ ಇರುವುದು ವೋಡ್ಕಾದ ದೆಸೆಯಿಂದ ಮಾತ್ರ. ಪುದೀನ ಲಿಕ್ಯೂರ್ ಹಾಕಿದ ಹಸಿರು ಬಣ್ಣದ್ದು ಗ್ರಾಸ್‌ಹಾಪರ್. ಐರಿಷ್ ಕ್ರೀಮ್ (ವಿಸ್ಕಿ, ಕೆನೆ ಬೆರೆತ ಲಿಕ್ಯೂರ್) ಮತ್ತು ಕಾಫಿ ಲಿಕ್ಯೂರ್ ಎರಡೂ ಸೇರಿದ್ದು ಮಡ್‌ಸ್ಲೈಡ್. ಮಡ್‌ಸ್ಲೈಡ್ ಅಂದರೆ ಭೂಕುಸಿತ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. 2018ರ ಆಗಸ್ಟ್ ನೋಡಿದ ಮೇಲೆ ಆ ಹೆಸರಿನ ಪಾನೀಯವನ್ನು ನಮ್ಮ ಮೇಜಿನ ಮೇಲಿಡಲು ನನಗಂತೂ ಮನಸ್ಸಿಲ್ಲ.

ಮೊದಲ ಸಲ ಮಾಡುವವರು ಯಾವುದರಿಂದ ಶುರು ಮಾಡಬೇಕು?

ಬ್ರಾಂಡಿ ಅಲೆಕ್ಸಾಂಡರ್. ಬ್ರಾಂಡಿ ಎಲ್ಲ ಕಡೆ ಸಿಗುತ್ತದೆ, ಹುಳಿ ಪದಾರ್ಥ ಯಾವುದೂ ಇಲ್ಲ, ಕೆಡುವ ಸಂಭವ ಕಡಿಮೆ. ಮೂಲದಲ್ಲಿ ಮೂರನ್ನೂ ಸಮ ಹಾಕುತ್ತಾರೆ. ಮನೆಯ ಚಾಕೊಲೇಟ್ ಪಾಕದಲ್ಲಿ ಮಾಡುವುದಾದರೆ ಬ್ರಾಂಡಿ 45 ಎಂಎಲ್, ಪಾಕ 20 ಎಂಎಲ್, ಕ್ರೀಮ್ 30 ಎಂಎಲ್ ಸರಿಹೋಗುತ್ತದೆ. ಐಸ್ ಹಾಕಿ ಚೆನ್ನಾಗಿ ಕುಲುಕಿ, ಸೋಸಿ, ಮೇಲೆ ಜಾಯಿಕಾಯಿ ತುರಿಯಿರಿ.

ಜಾಯಿಕಾಯಿಯನ್ನು ಆಗಲೇ ತುರಿಯಬೇಕು. ಪುಡಿ ಮಾಡಿಟ್ಟದ್ದು ಬೇಗ ಮಣ್ಣಿನ ವಾಸನೆಗೆ ತಿರುಗುತ್ತದೆ. ನಾಲ್ಕು ಸಲ ತುರಿಮಣೆಗೆ ಉಜ್ಜಿದರೆ ಸಾಕು. ಜಾಸ್ತಿ ಬಿದ್ದರೆ ಮದ್ದು ಕುಡಿದ ಹಾಗೆ ಇರುತ್ತದೆ.

ಚಾಕೊಲೇಟ್ ಪಾಕಕ್ಕೆ ಸಕ್ಕರೆ 100 ಗ್ರಾಂ, ನೀರು 100 ಎಂಎಲ್, ಸಿಹಿ ಇಲ್ಲದ ಕೋಕೋ ಪುಡಿ 2 ದೊಡ್ಡ ಚಮಚ, ಚಿಟಿಕೆ ಉಪ್ಪು. ಸಣ್ಣ ಉರಿಯಲ್ಲಿ ಗಂಟಿಲ್ಲದಂತೆ ಕಲಕಿ, ಒಂದು ಕುದಿ ಬಂದ ಕೂಡಲೇ ಇಳಿಸಿ, ಸೋಸಿ. ಫ್ರಿಜ್‌ನಲ್ಲಿ ಎರಡು ವಾರ ಇರುತ್ತದೆ. ಕೋಕೋ ತಳಕ್ಕೆ ಕೂರುತ್ತದೆ, ಹಾಕುವ ಮುಂಚೆ ಕುಲುಕಿಕೊಳ್ಳಿ.

ಕಾಫಿ ಲಿಕ್ಯೂರ್ ನಮ್ಮ ಊರಲ್ಲಿ ಸಿಗೋಲ್ಲ, ಸಿಕ್ಕರೂ ರೇಟು ಕೇಳಿದರೆ ಬೇಡ ಅನಿಸುತ್ತದೆ. ಏನು ಮಾಡೋದು?

ಮನೆಯಲ್ಲೇ ಮಾಡಿ. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕೂತು ಮೆಕ್ಸಿಕೋದ ಕಾಫಿ ಬಾಟಲಿಗೆ ಕಾಯುವುದು ಯಾಕೆ? ಕಾಲುವಾ ಎಂಬ ಹೆಸರಾಂತ ಕಾಫಿ ಲಿಕ್ಯೂರ್ ಮೊದಲು ತಯಾರಾದದ್ದು 1936ರಲ್ಲಿ, ಮೆಕ್ಸಿಕೋದ ವೆರಾಕ್ರೂಜ್‌ನಲ್ಲಿ. ಅದರಲ್ಲಿರುವುದೂ ರಮ್, ಸಕ್ಕರೆ, ಕಾಫಿ. ಮೂರೂ ನಮ್ಮಲ್ಲಿವೆ.

ಅಳತೆ ಹೀಗೆ: ಚಿಕೋರಿ ಇಲ್ಲದ ಕಾಫಿ ಪುಡಿ 50 ಗ್ರಾಂ ಫಿಲ್ಟರ್‌ಗೆ ಹಾಕಿ, ಕುದಿದು ಇಳಿಸಿದ ನೀರು 250 ಎಂಎಲ್ ಹೊಯ್ಯಿರಿ. ಪುಡಿ ನೀರು ಕುಡಿಯುತ್ತದೆ, ಕೆಳಗೆ ಇಳಿಯುವುದು ಸುಮಾರು 150 ಎಂಎಲ್ ಗಟ್ಟಿ ಡಿಕಾಕ್ಷನ್. ಬಿಸಿ ಇರುವಾಗಲೇ 150 ಗ್ರಾಂ ಸಕ್ಕರೆ ಕರಗಿಸಿ. ಪೂರ್ತಿ ತಣ್ಣಗಾಗಲಿ. ಆಮೇಲೆ ಡಾರ್ಕ್ ರಮ್ 250 ಎಂಎಲ್ ಸೇರಿಸಿ ಬಾಟಲಿಗೆ ತುಂಬಿ. ಒಲೆಯ ಮೇಲಿರುವಾಗ ರಮ್ ಹಾಕಲೇಬೇಡಿ. ಪರಿಮಳ ಹಾರಿಹೋಗುತ್ತದೆ, ಬೆಂಕಿ ಹಿಡಿಯುವ ಅಪಾಯವೂ ಇದೆ. ಒಂದು ವಾರ ಬಿಟ್ಟರೆ ರುಚಿ ಕೂಡಿಕೊಳ್ಳುತ್ತದೆ. ಸಾಮಾನ್ಯ ರಮ್ 42.8 ಶೇಕಡಾ ಇರುವುದರಿಂದ ಇದು ಸುಮಾರು 21 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಫ್ರಿಜ್‌ನಲ್ಲಿಟ್ಟು ಒಂದೆರಡು ತಿಂಗಳೊಳಗೆ ಮುಗಿಸಿ.

ಚಿಕೋರಿ ಬೇಡ ಅಂದದ್ದಕ್ಕೆ ಕಾರಣ ಇದೆ. ಹಾಲಿನ ಕಾಫಿಗೆ ಅದು ಬಣ್ಣ, ಮಂದ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಸಕ್ಕರೆ ಮತ್ತು ರಮ್ ಜೊತೆ ದಿನಗಟ್ಟಲೆ ನಿಂತರೆ ಅದರ ಸುಟ್ಟ ಕಹಿಯೇ ಮುಂದೆ ಬರುತ್ತದೆ.

ಅರೇಬಿಕಾನೋ ರೋಬಸ್ಟಾನೋ?

ಇದರಲ್ಲಿ ನಾನು ರೋಬಸ್ಟಾ ಪಕ್ಷ. ಅರೇಬಿಕಾ ಘಮ ಸೂಕ್ಷ್ಮ, ಕೆನೆ ಬಿದ್ದ ಕೂಡಲೇ ಮುಚ್ಚಿಹೋಗುತ್ತದೆ. ಒಳ್ಳೆಯ ಅರೇಬಿಕಾವನ್ನು ಕೆನೆಯಲ್ಲಿ ಮುಳುಗಿಸುವುದು ದಂಡ. ರೋಬಸ್ಟಾ ಕಹಿ ಮತ್ತು ಗಟ್ಟಿತನ ಕೆನೆಯನ್ನು ದಾಟಿ ನಾಲಿಗೆಗೆ ಬರುತ್ತದೆ. ಕೊಡಗಿನಲ್ಲಿ ಜಾಸ್ತಿ ಬೆಳೆಯುವುದೂ ಅದೇ. ಒಂದು ಎಚ್ಚರ: ಅರೇಬಿಕಾಗಿಂತ ರೋಬಸ್ಟಾದಲ್ಲಿ ಕೆಫೀನ್ ಸುಮಾರು ಎರಡರಷ್ಟು. ರಾತ್ರಿ ಹತ್ತಕ್ಕೆ ಕುಡಿದು ಎರಡಕ್ಕೆ ಕಣ್ಣು ಬಿಟ್ಟುಕೊಂಡು ಮಲಗಿದ್ದರೆ ಬೈಯಬೇಕಾದ್ದು ರಮ್ಮನ್ನಲ್ಲ.

ಯಾವ ಕ್ರೀಮ್ ತರಬೇಕು? ಮನೆಯ ಹಾಲಿನ ಕೆನೆ ಆಗುತ್ತಾ?

ಟೆಟ್ರಾ ಪ್ಯಾಕ್‌ನಲ್ಲಿ ಬರುವ ಫ್ರೆಶ್ ಕ್ರೀಮ್ ಸಾಕು. ಅದರಲ್ಲಿ ಕೊಬ್ಬು ಸಾಮಾನ್ಯವಾಗಿ 25 ಶೇಕಡಾ. 35 ಶೇಕಡಾ ಕೊಬ್ಬಿನ ಹಾಲಿನ ವಿಪ್ಪಿಂಗ್ ಕ್ರೀಮ್ ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಬೇಕರಿಯವರು ಕೇಕಿಗೆ ಬಳಸುವ ಟಾಪಿಂಗ್ ಕ್ರೀಮ್ ಬೇಡ. ಅದರಲ್ಲಿರುವುದು ತಾಳೆ ಎಣ್ಣೆ ಥರದ ಸಸ್ಯಜನ್ಯ ಕೊಬ್ಬು, ಮೊದಲೇ ಸಿಹಿ. ಕುಡಿದ ಮೇಲೆ ಅಂಗುಳಕ್ಕೆ ಮೇಣ ಹಚ್ಚಿದ ಹಾಗೆ ಉಳಿಯುತ್ತದೆ. ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ.

ಕಾಯಿಸಿದ ಹಾಲಿನ ಮೇಲೆ ಕಟ್ಟುವ ಕೆನೆಯನ್ನೂ ಬಳಸಬಹುದು, ಆದರೆ ಹಾಗೇ ಹಾಕಿದರೆ ಗ್ಲಾಸಿನಲ್ಲಿ ಚೂರುಚೂರಾಗಿ ತೇಲುತ್ತದೆ. ಆವತ್ತಿನದೇ ಕೆನೆ ಇರಲಿ. ಎರಡು ಚಮಚ ತಣ್ಣನೆ ಹಾಲು ಸೇರಿಸಿ ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ ಸೋಸಿ. ಜಾಸ್ತಿ ತಿರುಗಿಸಿದರೆ ಬೆಣ್ಣೆ ಬರುತ್ತದೆ. ವಾರವಿಡೀ ಕೂಡಿಟ್ಟ ಕೆನೆ ಆಗಲೇ ಸ್ವಲ್ಪ ಹುಳಿ ತಿರುಗಿರುತ್ತದೆ. ಅದನ್ನು ತುಪ್ಪಕ್ಕೇ ಬಿಡಿ.

ಬರೀ ಹಾಲು ಹಾಕಿದರೆ?

ನೀರು ನೀರಾಗುತ್ತದೆ. ಬೇಕಾದರೆ ಅರ್ಧ ಹಾಲು, ಅರ್ಧ ಕ್ರೀಮ್.

ಗ್ಲಾಸಿಗೆ ಹಾಕಿದ ಕೂಡಲೇ ಒಡೆದುಹೋಯಿತು. ಯಾಕೆ?

ಹತ್ತರಲ್ಲಿ ಒಂಬತ್ತು ಸಲ ಹುಳಿಯಿಂದ. ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನ್ ಇದೆ. ಆಮ್ಲ ಸೇರಿ ಪಿಎಚ್ 4.6ರ ಹತ್ತಿರ ಇಳಿದರೆ ಅದು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತದೆ. ಮನೆಯಲ್ಲಿ ಪನೀರ್ ಮಾಡುವಾಗ ನಾವು ಬೇಕೆಂದೇ ಮಾಡುವುದು ಇದನ್ನೇ. ಮದ್ಯವೂ ಈ ಗಂಟು ಕಟ್ಟುವ ಕೆಲಸಕ್ಕೆ ಕೈ ಜೋಡಿಸುತ್ತದೆ, ಬಿಸಿ ಇನ್ನೂ ಜಾಸ್ತಿ. ಹುಳಿ, ಮದ್ಯ, ಬಿಸಿ ಮೂರೂ ಸೇರಿದರೆ ಮುಗಿಯಿತು.

ಆದ್ದರಿಂದ ನಿಂಬೆ, ಕಿತ್ತಳೆ ರಸ, ಪ್ಯಾಶನ್ ಫ್ರೂಟ್, ವೈನ್ ಇವು ಕೆನೆಯ ಹತ್ತಿರ ಬರಬಾರದು. ಪಂದಿಕರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಯನ್ನು ಯಾರೂ ಹಾಕುವುದಿಲ್ಲ ಅಂದುಕೊಂಡಿದ್ದೇನೆ. ಆದರೂ ಅದೇ ಚಮಚ ತೊಳೆಯದೆ ಬಳಸಿದರೆ ಆ ಒಂದು ತೊಟ್ಟೂ ಸಾಕು.

ಬೆಲ್ಲದ ವಿಷಯ ಅಡುಗೆ ಮಾಡುವವರಿಗೆಲ್ಲ ಗೊತ್ತು. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯಬಹುದು. ಹಳೆಯ, ಹುಳಿ ಹತ್ತಿದ ಬೆಲ್ಲವಾದರೆ ಖಂಡಿತ. ಬೆಲ್ಲವನ್ನು ಬೇರೆಯೇ ಪಾಕ ಮಾಡಿ ಸೋಸಿ ತಣ್ಣಗೆ ಮಾಡಿಕೊಳ್ಳಿ. ಕಾಫಿಯೂ ಸ್ವಲ್ಪ ಹುಳಿಯೇ. ಬಿಸಿ ಡಿಕಾಕ್ಷನ್‌ಗೆ ಕಡಿಮೆ ಕೊಬ್ಬಿನ ಕ್ರೀಮ್ ಸುರಿದರೆ ಮೇಲೆ ಬಿಳಿ ಎಳೆಗಳು ಹರಡುತ್ತವೆ. ಅದೇ ಒಡೆಯುವ ಮೊದಲ ಲಕ್ಷಣ.

ತಪ್ಪಿಸುವ ದಾರಿ ಸುಲಭ. ಎಲ್ಲವೂ ತಣ್ಣಗಿರಲಿ. ಮದ್ಯ ಮತ್ತು ಪಾಕ ಮೊದಲು, ಐಸ್ ನಂತರ, ಕ್ರೀಮ್ ಕೊನೆಗೆ. ಕೊಬ್ಬು ಜಾಸ್ತಿ ಇರುವ ಕ್ರೀಮ್ ಒಡೆಯುವುದು ಕಡಿಮೆ, ಯಾಕೆಂದರೆ ಅದರಲ್ಲಿ ಪ್ರೋಟೀನ್ ಪಾಲು ಚಿಕ್ಕದು.

ಒಡೆದದ್ದನ್ನು ಚೆಲ್ಲಲೇಬೇಕಾ?

ಹುಳಿಯಿಂದ ಒಡೆದಿದ್ದರೆ ಬೇಡ. ತೆಳು ಬಟ್ಟೆಯಲ್ಲಿ ಸೋಸಿ ನೋಡಿ. ಗಂಟೆಲ್ಲ ಮೇಲೆ ಉಳಿದು ಕೆಳಗೆ ತಿಳಿ ಪಾನೀಯ ಇಳಿಯುತ್ತದೆ. ಮಿಲ್ಕ್ ಪಂಚ್ ಎಂಬ ಹಳೆಯ ಪಾನೀಯವನ್ನು ಮಾಡುವುದೇ ಹೀಗೆ: ನಿಂಬೆ ಹಾಕಿ ಹಾಲು ಒಡೆಸಿ, ಸೋಸಿ. ಬೆಂಜಮಿನ್ ಫ್ರಾಂಕ್ಲಿನ್ 1763ರಲ್ಲಿ ಗೆಳೆಯನೊಬ್ಬನಿಗೆ ಬರೆದ ಕಾಗದದ ಜೊತೆ ಇದರ ವಿಧಾನ ಕಳಿಸಿದ್ದ. ಹಾಲಿನ ಗಂಟು ಒಗರು, ಕಹಿಯನ್ನು ಎಳೆದುಕೊಳ್ಳುವುದರಿಂದ ಅಗ್ಗದ ಬ್ರಾಂಡಿಯೂ ನಯವಾಗುತ್ತದೆ. ಆದರೆ ಹಾಲೇ ಹಳಸಿ ಒಡೆದಿದ್ದರೆ ಸೀದಾ ಸಿಂಕಿಗೆ.

ಕೊಡಗಿನ ಕಿತ್ತಳೆ ಹಾಕಬೇಕು ಅಂತ ಆಸೆ. ದಾರಿಯೇ ಇಲ್ವಾ?

ಇದೆ, ಸಿಪ್ಪೆಯಲ್ಲಿ. ಘಮ ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ಅದರಲ್ಲಿ ಹುಳಿ ಇಲ್ಲ. ತೊಳೆದು ಒರೆಸಿದ ಹಣ್ಣಿನ ಬಣ್ಣದ ಪದರವನ್ನಷ್ಟೇ ತುರಿದು, 100 ಗ್ರಾಂ ಸಕ್ಕರೆಗೆ ಬೆರಳಲ್ಲಿ ತಿಕ್ಕಿ. ಬಿಳಿ ಪದರ ಬಂದರೆ ಕಹಿ. ತಿಕ್ಕುತ್ತಾ ಹೋದ ಹಾಗೆ ಸಕ್ಕರೆ ಒದ್ದೆಯಾಗಿ ಹಳದಿ ತಿರುಗುತ್ತದೆ, ಕೈ ದಿನವಿಡೀ ಕಿತ್ತಳೆ ಘಮ ಬೀರುತ್ತದೆ. ಎರಡು ಗಂಟೆ ಮುಚ್ಚಿಟ್ಟು, 100 ಎಂಎಲ್ ಬಿಸಿನೀರಲ್ಲಿ ಕರಗಿಸಿ ಸೋಸಿ. ಬ್ರಾಂಡಿ ಅಲೆಕ್ಸಾಂಡರ್‌ನಲ್ಲಿ ಚಾಕೊಲೇಟ್ ಪಾಕದ ಅರ್ಧ ತೆಗೆದು ಇದನ್ನು ಹಾಕಿ ನೋಡಿ. ನನ್ನ ಲೆಕ್ಕದಲ್ಲಿ ಈ ಪುಟದಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ಗ್ಲಾಸ್ ಅದೇ.

ರಸ ಬಿಡಲು ಮನಸ್ಸಿಲ್ಲದಿದ್ದರೆ ಬೆಳಿಗ್ಗೆ ತಿಂಡಿ ಜೊತೆ ಕುಡಿಯಿರಿ.

ಮಳೆಗಾಲದಲ್ಲಿ ಬೆಣ್ಣೆಹಣ್ಣು ರಾಶಿ ಬೀಳುತ್ತದೆ. ಅದರಿಂದ ಏನಾದರೂ ಆಗುತ್ತಾ?

ಆಗುತ್ತದೆ, ಅದೂ ಕ್ರೀಮ್ ಇಲ್ಲದೆ. ಕಾಫಿ ಗಿಡಗಳ ನಡುವೆ ನಿಂತಿರುವ ಬೆಣ್ಣೆಹಣ್ಣಿನ ಮರ ಒಂದೇ ಸಲ ಅಷ್ಟೂ ಹಣ್ಣು ಕೊಟ್ಟು ಸುಮ್ಮನಾಗುತ್ತದೆ. ಹಂಚಿ ಹಂಚಿ ಸಾಕಾದವರಿಗೆ ಇದು.

ಇಬ್ಬರಿಗೆ: ಹಣ್ಣಾದ ತಿರುಳು 100 ಗ್ರಾಂ, ತಣ್ಣನೆ ಹಾಲು 120 ಎಂಎಲ್, ಜೇನು ಒಂದೂವರೆ ದೊಡ್ಡ ಚಮಚ, ರಮ್ 60 ಎಂಎಲ್, ಚಿಟಿಕೆ ಉಪ್ಪು, ಐದಾರು ತುಂಡು ಐಸ್. ಮಿಕ್ಸಿಯಲ್ಲಿ ನಯವಾಗುವ ತನಕ ತಿರುಗಿಸಿ. ಉಪ್ಪು ಬಿಡಬೇಡಿ. ಅದಿಲ್ಲದೆ ಬೆಣ್ಣೆಹಣ್ಣಿಗೆ ರುಚಿಯೇ ಏಳುವುದಿಲ್ಲ.

ಹಣ್ಣು ಸರಿಯಾಗಿದೆಯಾ ಅಂತ ತಿಳಿಯಲು ತೊಟ್ಟಿನ ಹತ್ತಿರ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ. ಸ್ವಲ್ಪ ತಗ್ಗಿದರೆ ಸರಿ. ಅಲ್ಲಾಡಿಸಿದಾಗ ಬೀಜ ಒಳಗೆ ಸದ್ದು ಮಾಡಿದರೂ ಹಣ್ಣಾದಂತೆಯೇ. ತಿರುಳಲ್ಲಿ ಕಪ್ಪು ನಾರು ಕಂಡರೆ ಆ ಭಾಗ ತೆಗೆದುಬಿಡಿ, ಕಹಿ ಅಲ್ಲಿಂದಲೇ ಬರುವುದು. ಹಾಲಿನಲ್ಲಿ ಅರೆದ ಬೆಣ್ಣೆಹಣ್ಣು ನಿಂತರೆ ಕಂದು ತಿರುಗಿ ಕಹಿಯಾಗುತ್ತದೆ, ಮಾಡಿದ ಕೂಡಲೇ ಕುಡಿಯಬೇಕು. ಬಣ್ಣ ಉಳಿಯಲಿ ಅಂತ ನಿಂಬೆ ಹಿಂಡಿದರೆ ಹಾಲು ಒಡೆಯುತ್ತದೆ. ಎರಡೂ ಬೇಕಾದರೆ ಹಾಲಿನ ಬದಲು ತೆಂಗಿನ ಹಾಲು ಹಾಕಿ, ಆಗ ನಾಲ್ಕು ತೊಟ್ಟು ನಿಂಬೆ ತಡೆದುಕೊಳ್ಳುತ್ತದೆ.

ಪಾಯಸದ ರುಚಿಯ ಕಾಕ್‌ಟೇಲ್ ಮಾಡಬಹುದಾ?

ಮಾಡಬಹುದು, ತೆಂಗಿನ ಹಾಲಿನಲ್ಲಿ. ಇದಕ್ಕೆ ದೊಡ್ಡ ಪರಂಪರೆಯೇ ಇದೆ. 1954ರಲ್ಲಿ ಪೋರ್ಟೊರಿಕೊದ ಕ್ಯಾರಿಬೆ ಹಿಲ್ಟನ್ ಹೋಟೆಲಿನಲ್ಲಿ ಹುಟ್ಟಿತು ಎನ್ನಲಾಗುವ ಪಿನ್ಯಾ ಕೊಲಾಡಾದಲ್ಲಿರುವುದು ರಮ್, ತೆಂಗಿನ ಕೆನೆ, ಅನಾನಸ್. ಅನಾನಸ್ ಹುಳಿ ಹಾಲನ್ನು ಒಡೆಯುತ್ತದೆ, ತೆಂಗಿನ ಹಾಲನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅದರಲ್ಲಿ ಕೇಸಿನ್ ಇಲ್ಲ.

ನಮ್ಮ ರೀತಿಯಲ್ಲಿ: ತೆಂಗಿನಕಾಯಿಯ ಮೊದಲ ಹಾಲು 60 ಎಂಎಲ್, ಸೋಸಿದ ಬೆಲ್ಲದ ಪಾಕ 20 ಎಂಎಲ್, ಡಾರ್ಕ್ ರಮ್ 45 ಎಂಎಲ್, ಒಂದು ಏಲಕ್ಕಿಯ ಕಾಳಿನ ಪುಡಿ, ಚಿಟಿಕೆ ಉಪ್ಪು. ಐಸ್ ಜೊತೆ ಕುಲುಕಿ ಸೋಸಿ. ಏಲಕ್ಕಿಯನ್ನು ಸಿಪ್ಪೆ ಸಮೇತ ಕುಟ್ಟಿ ಹಾಕಬೇಡಿ, ನಾರು ಬಾಯಿಗೆ ಸಿಗುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕಾದರೆ ಹುತ್ತರಿಯ ತಂಬಿಟ್ಟು ನೆನಪಿಸಿಕೊಳ್ಳಿ. ಕಳಿತ ಬಾಳೆಹಣ್ಣು, ಹುರಿದ ಅಕ್ಕಿಯ ಪುಡಿ, ಎಳ್ಳು, ತೆಂಗಿನಕಾಯಿ, ತುಪ್ಪ. ಈ ರುಚಿಗಳೆಲ್ಲ ರಮ್ಮಿಗೆ ಹೇಳಿ ಮಾಡಿಸಿದಂತಿವೆ. ಒಂದು ಹಿಡಿ ಅಕ್ಕಿಯನ್ನು ಒಣ ಬಾಣಲೆಯಲ್ಲಿ ಕಂದು ಬಣ್ಣ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ಹಸಿ ವಾಸನೆ ಹೋಗುತ್ತದೆ, ಆಮೇಲೆ ಕಾಳು ಅಲ್ಲಲ್ಲಿ ಚಟಪಟ ಅನ್ನುತ್ತದೆ, ಕೊನೆಗೆ ಘಮ್ ಎನ್ನುತ್ತದೆ. ಆಗ ಇಳಿಸಿ, 200 ಎಂಎಲ್ ರಮ್ಮಿನಲ್ಲಿ ಆರಿದ ಅಕ್ಕಿಯನ್ನು ಒಂದು ರಾತ್ರಿ ನೆನೆಹಾಕಿ ಸೋಸಿ. ಪುಡಿ ಹಾಕಿದರೆ ಗ್ಲಾಸಿನ ತಳದಲ್ಲಿ ಹಿಟ್ಟು ಕೂರುತ್ತದೆ, ಅದಕ್ಕೇ ಇಡೀ ಕಾಳು. ಈ ರಮ್ 45 ಎಂಎಲ್, ಅರ್ಧ ಏಲಕ್ಕಿ ಬಾಳೆಹಣ್ಣು, ತೆಂಗಿನ ಹಾಲು 60 ಎಂಎಲ್, ಬೆಲ್ಲದ ಪಾಕ ಒಂದು ಚಮಚ ಮಿಕ್ಸಿಗೆ ಹಾಕಿ ತಿರುಗಿಸಿ, ಮೇಲೆ ಹುರಿದ ಎಳ್ಳು ಉದುರಿಸಿ. ಹುತ್ತರಿ ದಿನ ಮನೆಯ ಹಿರಿಯರ ಎದುರು ಮಾತ್ರ ಇದನ್ನು ತಂಬಿಟ್ಟು ಅಂತ ಕರೆಯಬೇಡಿ.

ತೆಂಗಿನ ಹಾಲು ಹಾಕಿದ್ದು ಗ್ಲಾಸಿನಲ್ಲೇ ಗಟ್ಟಿ ಕಟ್ಟಿತು. ಕೆಟ್ಟಿದೆಯಾ?

ಕೆಟ್ಟಿಲ್ಲ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಜನವರಿಯಲ್ಲಿ ಬಚ್ಚಲುಮನೆಯ ತೆಂಗಿನೆಣ್ಣೆ ಬಾಟಲಿ ಏನಾಗುತ್ತದೆ ಗೊತ್ತಲ್ವಾ, ಅದೇ ಇದು. ಚಳಿಗಾಲದಲ್ಲಿ ತೆಂಗಿನ ಹಾಲನ್ನು ಫ್ರಿಜ್‌ನಿಂದ ಅರ್ಧ ಗಂಟೆ ಮುಂಚೆ ತೆಗೆದಿಟ್ಟು, ಮಿಕ್ಸಿಯಲ್ಲಿ ತಿರುಗಿಸಿಕೊಂಡು ಬಳಸಿ. ಐಸ್ ಕಡಿಮೆ ಹಾಕಿ.

ಶೇಕರ್ ಇಲ್ಲ.

ಬೇಡ. ಅಗಲ ಬಾಯಿಯ ಗಾಜಿನ ಜಾಮ್ ಬಾಟಲಿ ಅಥವಾ ಸ್ಟೀಲ್ ನೀರಿನ ಬಾಟಲಿ ಸಾಕು. ಮುಚ್ಚಳ ಬಿಗಿ ಇರಬೇಕು. ಮುಕ್ಕಾಲು ಭಾಗ ಮಾತ್ರ ತುಂಬಿ. ಗಾಳಿಗೆ ಜಾಗ ಇದ್ದರೇ ಕೆನೆಗೆ ನೊರೆ ಬರುವುದು. ಐಸ್ ಹಾಕಿ 15 ಸೆಕೆಂಡು ಜೋರಾಗಿ ಕುಲುಕಿ. ಸ್ಟೀಲ್ ಬಾಟಲಿ ಹೊರಗೆ ಬೆವರಿದಾಗ ಆಯಿತು ಅಂತ ಅರ್ಥ. ಟೀ ಸೋಸುವ ಜರಡಿಯಲ್ಲಿ ಸೋಸಿ. ಗ್ಲಾಸಿಗೆ ಐಸ್ ಹಾಕದಿದ್ದರೆ ಒಳ್ಳೆಯದು. ಕರಗಿದ ಹಾಗೆ ಕೆನೆ ತೆಳ್ಳಗಾಗಿ ಮಜ್ಜಿಗೆ ನೀರಿನ ಬಣ್ಣಕ್ಕೆ ಬರುತ್ತದೆ. ವೈಟ್ ರಷ್ಯನ್ ಒಂದಕ್ಕೆ ವಿನಾಯಿತಿ, ಅದನ್ನು ಐಸ್ ಮೇಲೇ ಕೊಡುವುದು.

ಜುಲೈನಲ್ಲಿ ಮೂರು ದಿನ ಕರೆಂಟ್ ಇಲ್ಲ, ಐಸ್ ಇಲ್ಲ. ಆಗ?

ಆಗ ಬಿಸಿಯದು. ಐರಿಷ್ ಕಾಫಿ ಹುಟ್ಟಿದ್ದೇ ಇಂಥ ಹವೆಯಲ್ಲಿ. 1940ರ ದಶಕದಲ್ಲಿ ಐರ್ಲೆಂಡಿನ ಫಾಯ್ನ್ಸ್ ಎಂಬಲ್ಲಿ, ನೀರಿನ ಮೇಲೆ ಇಳಿಯುವ ವಿಮಾನಗಳ ನಿಲ್ದಾಣದಲ್ಲಿ, ಚಳಿಯಲ್ಲಿ ನಡುಗುತ್ತಿದ್ದ ಪ್ರಯಾಣಿಕರಿಗೆ ಜೋ ಶೆರಿಡನ್ ಎಂಬ ಬಾಣಸಿಗ ಕಾಫಿಗೆ ವಿಸ್ಕಿ ಬೆರೆಸಿ ಮೇಲೆ ಕೆನೆ ತೇಲಿಸಿ ಕೊಟ್ಟ.

ನಮಗೆ ಇನ್ನೂ ಸುಲಭ. ಬೆಲ್ಲದ ಕಾಫಿ ಹೇಗೂ ಒಲೆ ಮೇಲಿರುತ್ತದೆ. ಬಿಸಿ ಬೆಲ್ಲದ ಕಾಫಿ 120 ಎಂಎಲ್, ರಮ್ 30 ಎಂಎಲ್, ಒಂದು ಚಿಟಿಕೆ ಕರಿಮೆಣಸಿನ ಪುಡಿ. ಗ್ಲಾಸನ್ನು ಮೊದಲು ಬಿಸಿನೀರಲ್ಲಿ ತೊಳೆದುಕೊಳ್ಳಿ. ಕ್ರೀಮನ್ನು ಪುಟ್ಟ ಬಾಟಲಿಯಲ್ಲಿ ಹಾಕಿ ಸ್ವಲ್ಪ ಮಂದವಾಗುವ ತನಕ ಕುಲುಕಿ. ಕಾಫಿಯ ಮೇಲ್ಮೈಗೆ ತಾಗುವಂತೆ ಚಮಚವನ್ನು ಬೋರಲು ಹಿಡಿದು, ಅದರ ಬೆನ್ನ ಮೇಲೆ ಕ್ರೀಮ್ ಮೆಲ್ಲಗೆ ಬಿಡಿ. ಕೆಳಗೆ ಕಪ್ಪು, ಮೇಲೆ ಒಂದು ಬೆರಳು ಬಿಳಿ. ಕಲಕಬಾರದು. ತಣ್ಣನೆ ಕೆನೆಯ ಮೂಲಕ ಬಿಸಿ ಕಾಫಿ ಬಾಯಿಗೆ ಬರಬೇಕು, ಮಜಾ ಇರುವುದೇ ಅಲ್ಲಿ.

ಕೆನೆ ಮುಳುಗಿದರೆ ಸಿಹಿ ಕಡಿಮೆಯಾಗಿದೆ ಅಂತ ಅರ್ಥ. ಬೆಲ್ಲ ಕಾಫಿಯನ್ನು ತೂಕ ಮಾಡುತ್ತದೆ, ಆಗ ಕೆನೆ ಮೇಲೆ ನಿಲ್ಲುತ್ತದೆ. ಟೆಟ್ರಾ ಪ್ಯಾಕ್ ಕ್ರೀಮ್ ತೆರೆಯುವ ತನಕ ಹೊರಗೇ ಇರುತ್ತದೆ, ಕರೆಂಟ್ ಇಲ್ಲದ ದಿನಗಳಿಗೆ ಒಂದು ಇಟ್ಟುಕೊಂಡಿರಿ. ತಣ್ಣಗೆ ಮಾಡಲು ಬಕೆಟ್ ನೀರು ಸಾಕು, ಆ ತಿಂಗಳಲ್ಲಿ ನಮ್ಮ ನೀರು ಫ್ರಿಜ್‌ಗಿಂತ ಕಡಿಮೆಯೇನಿಲ್ಲ.

ಮಿಲಿಟರಿ ಕ್ಯಾಂಟೀನ್ ರಮ್ ಆಗುತ್ತಾ?

ಆಗುತ್ತದೆ. ಡಾರ್ಕ್ ರಮ್ಮಿನ ಸುಟ್ಟ ಸಕ್ಕರೆಯ ರುಚಿ ಕೆನೆಗೆ, ಬೆಲ್ಲಕ್ಕೆ ಚೆನ್ನಾಗಿ ಹೊಂದುತ್ತದೆ. ಮಾಜಿ ಸೈನಿಕರಿರುವ ಮನೆ ಇಲ್ಲಿ ಓಣಿಗೊಂದು. ಆ ಕೋಟಾದ ಬಾಟಲಿಗೆ ದುಬಾರಿ ವಿಸ್ಕಿಗಿಂತ ಇಲ್ಲಿ ಮರ್ಯಾದೆ ಜಾಸ್ತಿ. ಸಿಂಗಲ್ ಮಾಲ್ಟ್ ಇದ್ದರೆ ದಯವಿಟ್ಟು ಕೆನೆಗೆ ಹಾಕಬೇಡಿ.

ಮನೆಯಲ್ಲಿ ಮಾಡಿದ ವೈನ್?

ಒಡೆಯುತ್ತದೆ. ಬೇರೆ ಗ್ಲಾಸಿನಲ್ಲಿ ಕುಡಿಯಿರಿ.

ಐರಿಷ್ ಕ್ರೀಮ್ ಮನೆಯಲ್ಲಿ ಮಾಡಿದರೆ ಎಷ್ಟು ದಿನ ಇರುತ್ತದೆ?

ಫ್ರಿಜ್‌ನಲ್ಲಿ ಒಂದು ವಾರ. ಅಂಗಡಿಯಲ್ಲಿ ಸಿಗುವ ಐರಿಷ್ ಕ್ರೀಮ್ ಬೇಲೀಸ್ 1974ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಮದ್ಯದ ಪ್ರಮಾಣ 17 ಶೇಕಡಾ, ಕೊಬ್ಬಿನ ಕಣಗಳನ್ನು ಯಂತ್ರದಲ್ಲಿ ಅತಿ ಸಣ್ಣಗೆ ಒಡೆದು ಬೆರೆಸಿರುತ್ತಾರೆ. ಆದ್ದರಿಂದ ಅದು ಎರಡು ವರ್ಷ ತಡೆಯುತ್ತದೆ. ಮನೆಯದು ಆ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಟಿನ್ ಕಂಡೆನ್ಸ್ಡ್ ಮಿಲ್ಕ್, ಕ್ರೀಮ್ 250 ಎಂಎಲ್, ವಿಸ್ಕಿ 200 ಎಂಎಲ್, ಗಟ್ಟಿ ಡಿಕಾಕ್ಷನ್ ಒಂದು ದೊಡ್ಡ ಚಮಚ, ಕೋಕೋ ಪುಡಿ ಒಂದು ಟೀ ಚಮಚ, ವೆನಿಲಾ ಸ್ವಲ್ಪ. ಮಿಕ್ಸಿಯ ಕಡಿಮೆ ವೇಗದಲ್ಲಿ ಅರ್ಧ ನಿಮಿಷ. ಇದರಲ್ಲಿ ಮದ್ಯ ಸುಮಾರು 11 ಶೇಕಡಾ ಮಾತ್ರ. ಅಷ್ಟರಿಂದ ಹಾಲು ಕೆಡದೆ ಉಳಿಯುವುದಿಲ್ಲ. ಬಾಟಲಿ ಮೇಲೆ ತಾರೀಕು ಬರೆದಿಡಿ.

ವೆನಿಲಾ ಎಸೆನ್ಸ್ ಬದಲು ವೆನಿಲಾ ಕೋಡು ಹಾಕಬಹುದಾ?

ಹಾಕಬಹುದು, ಇದ್ದವರು ಪುಣ್ಯವಂತರು. 2000ದ ದಶಕದ ಶುರುವಿನಲ್ಲಿ ವೆನಿಲಾ ಬೆಲೆ ಆಕಾಶಕ್ಕೆ ಹೋದಾಗ ಕೊಡಗಿನ ತೋಟಗಳಲ್ಲೂ ಬಳ್ಳಿ ಹಬ್ಬಿತು. ಬೆಲೆ ಬಿದ್ದ ಮೇಲೆ ಹಲವರು ಕೈಬಿಟ್ಟರು. ಬಳ್ಳಿ ಉಳಿಸಿಕೊಂಡವರ ಹತ್ತಿರ ಸಂಸ್ಕರಿಸಿದ ಕೋಡು ಕೇಳಿ ನೋಡಿ. ಉದ್ದಕ್ಕೆ ಸೀಳಿ 100 ಎಂಎಲ್ ವೋಡ್ಕಾ ಅಥವಾ ರಮ್ಮಿನಲ್ಲಿ ಎರಡು ತಿಂಗಳು ಮುಳುಗಿಸಿಟ್ಟರೆ ಅದೇ ನಿಮ್ಮ ಎಸೆನ್ಸ್. ಹಸಿ ಕೋಡಿಗೆ ಘಮ ಇಲ್ಲ, ಅದನ್ನು ಹಾಕಿ ಪ್ರಯೋಜನವಿಲ್ಲ.

ಮೊಟ್ಟೆ ಹಾಕುವ ಎಗ್‌ನಾಗ್ ಮಾಡಬಹುದಾ?

ಹಸಿ ಮೊಟ್ಟೆಯಲ್ಲಿ ಬೇಡ, ಸಾಲ್ಮೊನೆಲ್ಲಾ ಭಯ ಇದೆ. ಮದ್ಯ ಹಾಕಿದರೆ ಕ್ರಿಮಿ ಸಾಯುತ್ತದೆ ಅಂತ ನಂಬಿ ಕೂರಬೇಡಿ. ಹಾಲು, ಸಕ್ಕರೆ, ಹಳದಿ ಭಾಗ ಸೇರಿಸಿ ಸಣ್ಣ ಉರಿಯಲ್ಲಿ ಕಲಕುತ್ತಾ 71 ಡಿಗ್ರಿ ದಾಟಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕಸ್ಟರ್ಡ್ ಪುಡಿ ಬಳಸಿ. ಅದರಲ್ಲಿ ಮೊಟ್ಟೆಯೇ ಇಲ್ಲ, ಇರುವುದು ಮೆಕ್ಕೆಜೋಳದ ಪಿಷ್ಟ. ಅರ್ಧ ಲೀಟರ್ ಹಾಲಿಗೆ ಒಂದು ದೊಡ್ಡ ಚಮಚ ಹಾಕಿ ತೆಳ್ಳಗೆ ಕಾಯಿಸಿ, ತಣಿಸಿ, ಬ್ರಾಂಡಿ 120 ಎಂಎಲ್, ಜಾಯಿಕಾಯಿ. ಕ್ರಿಸ್‌ಮಸ್‌ಗೆ ನಾಲ್ಕು ಜನಕ್ಕೆ ಆಗುತ್ತದೆ.

ಯಾವಾಗ ಮಾಡಿದರೂ ಸಿಹಿ ಜಾಸ್ತಿ ಆಗುತ್ತದೆ.

ಪಾಕವನ್ನು ಚಮಚದಲ್ಲಿ ಅಂದಾಜಿಗೆ ಹಾಕುತ್ತಿದ್ದೀರಿ ಅನ್ನಿಸುತ್ತದೆ. ಅಳೆಯಿರಿ. ಕೆಮ್ಮಿನ ಸಿರಪ್ ಜೊತೆ ಬರುವ ಪುಟ್ಟ ಕಪ್ಪಿನಲ್ಲಿ ಎಂಎಲ್ ಗೆರೆ ಇರುತ್ತದೆ, ಚೆನ್ನಾಗಿ ತೊಳೆದರೆ ಅದಕ್ಕಿಂತ ಒಳ್ಳೆಯ ಅಳತೆ ಬೇರೆ ಇಲ್ಲ.

ಆಗಲೇ ಸಿಹಿಯಾಗಿದ್ದರೆ ನಿಂಬೆ ಹಿಂಡುವ ಹಾಗಿಲ್ಲ. ಕಹಿ, ಉಪ್ಪು, ಖಾರ ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಒಂದು ಚಮಚ ಗಟ್ಟಿ ಡಿಕಾಕ್ಷನ್, ಅಥವಾ ನಾಲ್ಕು ಕಾಳು ಉಪ್ಪು, ಅಥವಾ ಆಗ ಕುಟ್ಟಿದ ಕರಿಮೆಣಸು. ಚಾಕೊಲೇಟ್ ಜೊತೆ ಮೆಣಸು ಬಹಳ ಚೆನ್ನಾಗಿರುತ್ತದೆ. ತಣ್ಣಗಾದಾಗ ಸಿಹಿ ಕಡಿಮೆ ಅನಿಸುತ್ತದೆ, ಹಾಗಾಗಿ ರುಚಿ ನೋಡುವುದು ಕುಲುಕಿದ ಮೇಲೆ. ಜೇನು ಬಳಸುವವರು ಬಿಸಿನೀರಲ್ಲಿ ಸಮಕ್ಕೆ ಸಮ ಕರಗಿಸಿ ತಣಿಸಿಕೊಳ್ಳಿ. ಹಾಗೇ ಹಾಕಿದರೆ ಐಸ್ ತಾಗಿ ತಳಕ್ಕೆ ಕಚ್ಚಿಕೊಳ್ಳುತ್ತದೆ, ಮೊದಲ ಗುಟುಕು ಸಪ್ಪೆ, ಕೊನೆಯದು ಬರೀ ಜೇನು.

ಕುಡಿದರೆ ಪಾಯಸದ ಹಾಗಿದೆ. ಇದರಲ್ಲಿ ಕಿಕ್ ಇದೆಯಾ?

ಇದೆ, ಅದೇ ಇದರ ಅಪಾಯ. ಕೊಬ್ಬು, ಸಕ್ಕರೆ ಸೇರಿ ಮದ್ಯದ ಉರಿಯನ್ನು ಮುಚ್ಚುತ್ತವೆ. 42.8 ಶೇಕಡಾದ 30 ಎಂಎಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ, ಕೆನೆ ಹಾಕಿದ ಮಾತ್ರಕ್ಕೆ ಅದು ಎಲ್ಲಿಗೂ ಹೋಗುವುದಿಲ್ಲ. 45 ಎಂಎಲ್ ಹಾಕಿದ ಗ್ಲಾಸ್ ಅಂದರೆ ಒಂದೂವರೆ ಪೆಗ್. ಮೂರು ಗ್ಲಾಸ್ ಆದರೆ ಲೆಕ್ಕ ನೀವೇ ಹಾಕಿ. ಚಿಕ್ಕ ಗ್ಲಾಸಿನಲ್ಲಿ ಕೊಡಿ, ಒಬ್ಬರಿಗೆ ಒಂದು. ಎರಡನೆಯದು ಕೇಳಿದರೆ ಪಾಯಸ ಕೊಡಿ.

ಗಾಡಿ ಓಡಿಸುವವರಿಗೆ ಒಂದೂ ಬೇಡ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಮಂಜು ಕವಿದ ಸಂಪಾಜೆ ಘಾಟಿಯ ತಿರುವುಗಳಿಗೆ ಆ ಮಿತಿಯ ಲೆಕ್ಕವೂ ಇಲ್ಲ. ಉಳಿಯುವವರಿಗೆ ಹಾಸಿಗೆ ಹಾಸಿ.

ಸಕ್ಕರೆ ಕಾಯಿಲೆ ಇದೆ, ಮಾತ್ರೆ ನಡೆಯುತ್ತಿದೆ. ಸ್ವಲ್ಪ ಪರವಾಗಿಲ್ಲವಾ?

ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ಇನ್ಸುಲಿನ್ ಜೊತೆ ಮದ್ಯ ಸೇರಿದರೆ ಸಕ್ಕರೆ ಮಟ್ಟ ತೀರಾ ಇಳಿಯಬಹುದು. ಗರ್ಭಿಣಿಯರಿಗೆ ಬೇಡವೇ ಬೇಡ.

ಮಕ್ಕಳು, ಕುಡಿಯದವರು ಇದ್ದಾರೆ. ಅವರಿಗೆ?

ಇವೆಲ್ಲ ರಮ್ ಇಲ್ಲದೆಯೂ ನಿಲ್ಲುವ ಪಾನೀಯಗಳು. ಬೆಣ್ಣೆಹಣ್ಣಿನದು, ತೆಂಗಿನ ಹಾಲಿನದು, ಚಾಕೊಲೇಟಿನದು ಮೂರನ್ನೂ ಮದ್ಯ ಬಿಟ್ಟು ಮಾಡಿ, ಆ ಜಾಗಕ್ಕೆ ಅಷ್ಟೇ ಹಾಲು ಅಥವಾ ತೆಂಗಿನ ಹಾಲು ಹಾಕಿ. ಮೊದಲು ಅವರದ್ದನ್ನು ಮಾಡಿ ಕೊಟ್ಟುಬಿಡಿ, ಆಮೇಲೆ ಬಾಟಲಿ ತೆರೆಯಿರಿ. ಗ್ಲಾಸುಗಳೂ ಬೇರೆ ಆಕಾರದ್ದಿರಲಿ. ನೋಡಲು ಎರಡೂ ಒಂದೇ ಥರ ಇರುವುದರಿಂದ ಅದಲು ಬದಲಾಗಲು ಒಂದು ನಿಮಿಷ ಸಾಕು.

ಹೋಮ್‌ಸ್ಟೇ ಇದೆ. ಅತಿಥಿಗಳಿಗೆ ಮಾಡಿ ಕೊಡಬಹುದಾ?

ಲೈಸೆನ್ಸ್ ಇಲ್ಲದೆ ಮದ್ಯ ಮಾರುವ ಹಾಗಿಲ್ಲ. ಬಿಲ್ಲಿನಲ್ಲಿ ಬೇರೆ ಹೆಸರಲ್ಲಿ ಸೇರಿಸಿದರೂ ಅದು ಮಾರಾಟವೇ. ಮದ್ಯ ಇಲ್ಲದ ಬೆಣ್ಣೆಹಣ್ಣಿನ ಗ್ಲಾಸ್ ಕೊಡಿ, ಯಾರೂ ಬೇಡ ಅನ್ನುವುದಿಲ್ಲ.

ಮದುವೆಮನೆ, ನೆಂಟರು ಬರುವ ದಿನ. ಮೊದಲೇ ಮಾಡಿಡಬಹುದಾ?

ಅರ್ಧ ಮಾಡಿಡಿ. ಮದ್ಯ ಮತ್ತು ಪಾಕ ಬೆರೆಸಿ ಬಾಟಲಿಯಲ್ಲಿ ಹಿಂದಿನ ದಿನವೇ ಫ್ರಿಜ್‌ಗೆ. ಕ್ರೀಮ್ ಸೇರಿಸುವುದು ಕೊಡುವ ಹೊತ್ತಿಗೆ. ಹತ್ತು ಗ್ಲಾಸ್ ಬ್ರಾಂಡಿ ಅಲೆಕ್ಸಾಂಡರ್‌ಗೆ ಬ್ರಾಂಡಿ 450, ಪಾಕ 200, ಕ್ರೀಮ್ 300 ಎಂಎಲ್. ಐಸ್‌ನಿಂದ ಬರುವ ನೀರಿನ ಬದಲು 150 ಎಂಎಲ್ ತಣ್ಣನೆ ಹಾಲು ಸೇರಿಸಿ ಮಿಕ್ಸಿಯಲ್ಲಿ ಎರಡು ಕಂತಿನಲ್ಲಿ ತಿರುಗಿಸಿದರೆ ಒಬ್ಬೊಬ್ಬರಿಗೂ ಕುಲುಕುವ ಕೆಲಸ ತಪ್ಪುತ್ತದೆ.

ಮಿಕ್ಸಿ ಜಾರ್, ಬಾಟಲಿಯಿಂದ ಹಾಲಿನ ವಾಸನೆ ಹೋಗುತ್ತಿಲ್ಲ.

ಬಿಸಿನೀರಲ್ಲಿ ಶುರು ಮಾಡಿದ್ದೇ ಕಾರಣ. ಬಿಸಿಗೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರಲ್ಲಿ ಜಾಲಿಸಿ, ಆಮೇಲೆ ಬಿಸಿನೀರು, ಸೋಪು. ಬಾಟಲಿ ಮುಚ್ಚಳದ ಒಳಗಿನ ರಬ್ಬರ್ ರಿಂಗ್ ಬಿಚ್ಚಿ ಬೇರೆ ತೊಳೆಯಿರಿ, ವಾಸನೆ ಹೆಚ್ಚಾಗಿ ಅಲ್ಲೇ ಕೂತಿರುತ್ತದೆ. ಮಳೆಗಾಲದಲ್ಲಿ ಒಲೆ ಪಕ್ಕ ಬೋರಲು ಹಾಕಿ ಒಣಗಿಸಿ, ಮುಚ್ಚಳ ಹಾಕಿ ಎತ್ತಿಡಬೇಡಿ.